ನೂಲಿನ ಆ ತುದಿ

ಅತ್ತಿಗೆ,

ನೀವು ಇದ್ದಾಗ ನಿಮಗೆ ಒಂದು ಸಾಲು ಬರೆದವನಲ್ಲ ನಾನು. ಒಂದೇ ಮನೆಯಲ್ಲಿ ಇರುವವರಿಗೆ ಕಾಗದ ಎಂತಕ್ಕೆ? ಕೊನೆಯಲ್ಲಿ ನೀವು ಎನ್.ಆರ್.ಪುರದ ತವರಿಗೆ ಹೋದ ಮೇಲೂ, ಬಸ್ಸಿದೆಯಲ್ಲ, ಒಂದು ದಿನ ಹೋಗಿ ಬಂದರಾಯಿತು ಅಂತಲೇ ಆರು ತಿಂಗಳು ಕಳೆದೆ. ಈಗ ಯಾವ ಬಸ್ಸೂ ಹೋಗದ ಕಡೆ ಹೋಗಿ ಕೂತಿದ್ದೀರಿ, ಈಗ ಕಾಗದ ಹಿಡಿದಿದ್ದೇನೆ. ಬುದ್ಧಿ ತಡವಾಗಿ ಬರುವುದು ನನ್ನ ಹುಟ್ಟುಗುಣ ಅಂತ ನೀವೇ ಹೇಳುತ್ತಿದ್ದಿರಿ. ಮೊನ್ನೆ ಕಿಗ್ಗದಲ್ಲಿ ಒಂದು ಸಂಗತಿ ನಡೆಯಿತು. ನಿಮಗೆ ಹೇಳದೆ ಅನ್ನ ಇಳಿಯುತ್ತಿಲ್ಲ. ಆದರೆ ನೇರ ಅಲ್ಲಿಗೇ ಹಾರಿದರೆ, ಎಷ್ಟು ಅವಸರ ಮಾರಾಯ ನಿಂಗೆ, ಅಂತೀರಿ. ಹಾಗಾಗಿ ಮೊದಲಿನಿಂದಲೇ ಬರುತ್ತೇನೆ.

ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ಎಮರ್ಜೆನ್ಸಿಯ ಕಾಲ. ಒಂದು ಬೆಳಿಗ್ಗೆ ಹಲ್ಲುಜ್ಜಲು ಹಿತ್ತಿಲಿಗೆ ಬಂದವನು ಬಚ್ಚಲ ಪಕ್ಕದ ಕಲ್ಲುಹಾಸಿನ ಮೇಲೆ ನೀವು ಕೂತಿದ್ದನ್ನು ಕಂಡೆ. ನಮ್ಮದು ಅಜ್ಜನ ಕಾಲದಿಂದ ಮಂಡಲ ಬರೆಯುವ ಮನೆ. ಪೂಜೆಗೆ ಮೊದಲು ಕಲಶ ಇಡುವ ಜಾಗದಲ್ಲಿ ಐದು ಬಣ್ಣದ ಹುಡಿಯಿಂದ ಚೌಕದ ಮನೆ ಮನೆಯಾಗಿ ತುಂಬಿ ಬರೆದುಕೊಡುವುದು. ಅಪ್ಪನ ನಂತರ ಅದು ಅಣ್ಣನ ಕೆಲಸ. ನನಗೂ ಅದಕ್ಕೂ ಆಗಿಬರುತ್ತಿರಲಿಲ್ಲ. ನಾನು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿ ಬೋರ್ಡು, ಬಸ್ಸಿನ ಹಣೆಯ ಹೆಸರು ಬರೆಯುವ ಪೇಂಟರು. ನಿಮಗೋ, ಗಂಡ ಹೋದ ಮೇಲೆ ಅಂಗಳಕ್ಕೆ ರಂಗೋಲಿ ಹಾಕಬಾರದು ಅಂತ ಅಮ್ಮ ಹೇಳಿಯಾಗಿತ್ತು. ಅರಿಶಿನ ಕುಂಕುಮ ಮುಟ್ಟುವ ಮಾತು ದೂರವೇ ಉಳಿಯಿತು. ಆದ್ದರಿಂದ ನಿಮ್ಮ ಹತ್ತಿರ ಇದ್ದದ್ದು ಎರಡೇ ಬಣ್ಣ: ನುಚ್ಚಕ್ಕಿ ಹಿಟ್ಟಿನ ಬಿಳಿ, ಭತ್ತದ ಹೊಟ್ಟು ಸುಟ್ಟ ಕಪ್ಪು. ಆ ಎರಡರಲ್ಲೇ ಇಡೀ ಸರ್ವತೋಭದ್ರ ಮಂಡಲ ಆ ಕಲ್ಲಿನ ಮೇಲೆ ಬಿದ್ದಿತ್ತು. ಅಡ್ಡ ಹತ್ತೊಂಬತ್ತು ಗೆರೆ, ಉದ್ದ ಹತ್ತೊಂಬತ್ತು ಗೆರೆ, ಮುನ್ನೂರ ಇಪ್ಪತ್ತನಾಲ್ಕು ಮನೆ, ನಡುವೆ ತಾವರೆ. ಒಂದು ಮನೆ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ನನ್ನ ಬಾಯಲ್ಲಿದ್ದ ಬೇವಿನಕಡ್ಡಿ ಬಾಯಲ್ಲೇ ಉಳಿಯಿತು. ನೀವು ತಲೆ ಎತ್ತಿ ನನ್ನನ್ನು ನೋಡಿದಿರಿ, ನಾಚಿಕೊಳ್ಳಲಿಲ್ಲ, ಹೆದರಲಿಲ್ಲ. ಪಕ್ಕದ ಚೊಂಬು ಎತ್ತಿ ಅದರ ಮೇಲೆ ನೀರು ಸುರಿದು, ಪೊರಕೆಯಲ್ಲಿ ಗುಡಿಸಿ, ಕಾಫಿ ಮಾಡಲು ಒಳಗೆ ಹೋದಿರಿ. ಅಷ್ಟು ಚಂದದ್ದನ್ನು ಅಷ್ಟು ಸಲೀಸಾಗಿ ತೊಳೆದದ್ದು ಕಂಡು ನನಗೆ ನಿಜವಾಗಿ ಸಿಟ್ಟು ಬಂದಿತ್ತು.

ನಿಮಗೆ ಇದೆಲ್ಲ ಯಾರು ಕಲಿಸಿದರು ಅಂತ ಆವತ್ತು ಮಧ್ಯಾಹ್ನ ಕೇಳಿದೆ. ಯಾರೂ ಕಲಿಸಿಲ್ಲ, ನೂಲು ಹಿಡಿದು ಬಂತು ಅಂದಿರಿ. ಮಂಡಲದ ಗೆರೆ ಹೊಡೆಯಲು ಇಬ್ಬರು ಬೇಕಲ್ಲ. ನೂಲಿಗೆ ಹಿಟ್ಟು ಹಚ್ಚಿ ಈ ತುದಿ ಒಬ್ಬರು ಆ ತುದಿ ಒಬ್ಬರು ಬಿಗಿಯಾಗಿ ಹಿಡಿಯಬೇಕು. ನಡುವೆ ಚೂರು ಎತ್ತಿ ಬಿಟ್ಟರೆ ಪಟ್ ಅಂತ ನೆಲದ ಮೇಲೆ ಗೆರೆ ಬೀಳುತ್ತದೆ. ಎಂಟು ವರ್ಷ ಅಣ್ಣ ಮನೆಯಲ್ಲಿ ಅಭ್ಯಾಸ ಮಾಡುವಾಗ ಆ ತುದಿ ನಿಮ್ಮ ಕೈಯಲ್ಲಿತ್ತು. ಹಿಡಿದು ಕೂತವರು ಸುಮ್ಮನೆ ಕೂರಲಿಲ್ಲ, ನೋಡಿದಿರಿ. ಅಣ್ಣನಿಗಾದರೂ ಗೊತ್ತಿತ್ತೋ ಇಲ್ಲವೋ, ಅವನಿಗಿಂತ ಚೆನ್ನಾಗಿ ನಿಮಗೆ ಬರುತ್ತಿತ್ತು. ಈ ಮಾತನ್ನು ನಾನು ಸತ್ತ ಅಣ್ಣನ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ. ಇದ್ದದ್ದು ಇದ್ದ ಹಾಗೆ.

ಕಮ್ಮರಡಿಯಿಂದ ಯಾರೋ ಪೂಜೆಗೆ ಹೇಳಿಹೋದ ದಿನ ನೆನಪಿದೆಯಾ? ಮಂಡಲದ ಮನೆಯವರು ಇನ್ನೂ ಒಬ್ಬ ಇದ್ದಾನಲ್ಲ ಅಂತ ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಾನು ಆಗಲ್ಲ ಅನ್ನುವುದರೊಳಗೆ ಒಳಗಿಂದ ಅಮ್ಮ ಹ್ಞೂಂ ಅಂದುಬಿಟ್ಟಳು. ಹದಿನೈದು ದಿನ ಮಾತ್ರ ಉಳಿದಿತ್ತು. ನೀವು ಹಿತ್ತಿಲ ಕಲ್ಲಿನ ಮೇಲೆ ನನ್ನನ್ನು ಕೂರಿಸಿಕೊಂಡಿರಿ. ಐದು ಬಟ್ಟಲನ್ನು ನನ್ನ ಮಗ್ಗುಲಲ್ಲಿ ಇಡಿಸಿ, ನೀವು ಮಾರು ದೂರ ಕೂತು, ಕೈಯಲ್ಲಿ ಒಂದು ಬಿದಿರು ಕಡ್ಡಿ ಹಿಡಿದಿರಿ. ಹಳದಿ ಬೇಕಾದರೆ ಕಡ್ಡಿಯಿಂದ ಹಳದಿಯ ಬಟ್ಟಲು ತೋರಿಸುವುದು, ಕೆಂಪು ಬೇಕಾದರೆ ಕೆಂಪಿನದು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಕಡ್ಡಿ ಮುಟ್ಟಿದರೆ ನೀವು ಮುಟ್ಟಿದ ಹಾಗಾಗುತ್ತದೆಯೇ ಅಂತ ಅವಳಿಗೂ ತೀರ್ಮಾನಿಸಲು ಆಗಲಿಲ್ಲ, ಗೊಣಗುತ್ತ ಒಳಗೆ ಹೋದಳು. ನೀವು ತುಟಿ ಒಳಗೇ ನಕ್ಕಿರಿ.

ನನ್ನ ಮೊದಲ ಮಂಡಲವನ್ನು ನೀವು ಓದಿದ ರೀತಿ! ಬೇರೆ ಯಾವ ಮಾತೂ ಅದಕ್ಕೆ ಹೊಂದುವುದಿಲ್ಲ, ಓದಿದಿರಿ ಅಂತಲೇ ಹೇಳಬೇಕು. ನಾನು ಬೋರ್ಡು ಬರೆಯುವ ಕೈ ಬಲದಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಹೇಗಿದೆ ನೋಡಿ ಅಂತ ಎದೆ ಉಬ್ಬಿಸಿ ನಿಂತಿದ್ದೆ. ನೀವು ಕಡ್ಡಿ ಹಿಡಿದು ಒಂದೊಂದೇ ಮನೆ ತೋರಿಸುತ್ತ ಹೋದಿರಿ. "ಇಲ್ಲಿ ಹುಡಿ ದಪ್ಪ ಬಿದ್ದಿದೆ, ಇಲ್ಲಿ ನಿಂಗೆ ಸಿಟ್ಟು ಬಂದಿದೆ. ಇಲ್ಲಿ ಬಸ್ಸಿನ ಹಾರನ್ ಕೇಳಿ ಆ ಕಡೆ ನೋಡಿದೀಯ. ಈ ಸಾಲು ಪೂರ್ತಿ ಹಸಿವು." ನಾನು ಪೆಚ್ಚಾದೆ. ಎಲ್ಲವೂ ನಿಜ. ಹಾರನ್ ಕೇಳಿದ್ದೂ ನಿಜ, ಅದು ನಾನೇ ಹೆಸರು ಬರೆದ ಬಸ್ಸು. ಆಮೇಲೆ ಒಂದು ಮೂಲೆಯ ನಾಲ್ಕು ಮನೆ ತೋರಿಸಿ, ಇದು ಮಾತ್ರ ಚಂದ ಬಂದಿದೆ, ಇಲ್ಲಿ ಎಂತ ಯೋಚನೆ ಮಾಡ್ತಿದ್ದೆ ಅಂತ ಕೇಳಿದಿರಿ. ಏನೂ ಇಲ್ಲ ಅಂದೆ. ಹಾಗಾದರೆ ಆ ನಾಲ್ಕು ಮನೆಯಲ್ಲಿ ಮಾತ್ರ ನೀನು ಇಲ್ಲಿದ್ದೆ ಅಂದಿರಿ. ಮನಸ್ಸು ಎದ್ದು ಹೋದರೆ ಕೈ ಎತ್ತಿ ಸುಮ್ಮನೆ ಕೂತುಕೊ, ಅದು ಸುತ್ತಾಡಿ ಬಂದ ಮೇಲೆ ಮುಂದಿನ ಮನೆ ತುಂಬು, ಅಳಿಸಬೇಡ, ಬೈದುಕೊಳ್ಳಬೇಡ ಅಂತ ಹೇಳಿಕೊಟ್ಟಿರಿ. ಇಷ್ಟೇ ಪಾಠ. ಇದನ್ನು ಕಲಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಇನ್ನೊಂದು ಇತ್ತಲ್ಲ, ಅದನ್ನು ಬಿಟ್ಟರೆ ಈ ಕಾಗದಕ್ಕೆ ಅರ್ಥವೇ ಇಲ್ಲ. ಹಿಟ್ಟಿಗೆ ಬೆರಳು ಹಾಕುವ ಮೊದಲು ನೀವು ಕೇಳುತ್ತಿದ್ದಿರಿ: "ಇವತ್ತು ಯಾರಿಗೆ?" ಮಂತ್ರದ ಸಂಕಲ್ಪ ಪುರೋಹಿತರದು, ಇದು ನಿಮ್ಮದೇ ಸಂಕಲ್ಪ. ತನಗೆ ಅಂತ ಬರೆಯುವ ಹಾಗಿಲ್ಲ, ಬೇರೆ ಯಾರಿಗಾದರೂ ಒಬ್ಬರಿಗೆ ಬರೆಯಬೇಕು. ಪಕ್ಕದ ಮನೆಯ ಕರು ಮೂರು ದಿನದಿಂದ ಹುಲ್ಲಿಗೆ ಬಾಯಿ ಮುಟ್ಟಿಸಿರಲಿಲ್ಲ, ಒಂದು ದಿನ ಅದಕ್ಕೆ ಬರೆದಿರಿ. ಕಾಲು ಮುರಿದ ಕಂಡಕ್ಟರಿಗೆ ಒಂದು ದಿನ. ಪರೀಕ್ಷೆಗೆ ಹೆದರಿ ವಾಂತಿ ಮಾಡಿಕೊಂಡ ಎದುರುಮನೆ ಹುಡುಗಿಗೆ ಒಂದು ದಿನ. ನಿಮ್ಮ ಕೈಯಿಂದ ಬಣ್ಣ ಕಿತ್ತುಕೊಂಡ ಅಮ್ಮನಿಗೆ ಎಷ್ಟು ದಿನ ಬರೆದಿರೋ, ಲೆಕ್ಕವಿಲ್ಲ. ನಾನೋ ತಲೆಹರಟೆ. ನೀವು ಗೆರೆ ಹೊಡೆದರೆ ಕರು ಮೇಯುತ್ತದಾ ಅಂತ ಕೇಳಿದೆ. ನೀವು ಕೈ ನಿಲ್ಲಿಸದೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಮೇಯ್ತದೋ ಬಿಡ್ತದೋ ನಂಗೆ ಗೊತ್ತಿಲ್ಲ. ಒಂದು ಗಂಟೆ ಹೊತ್ತು ನಾನು ಅದನ್ನ ಮರೆತಿರಲ್ಲ. ಅಷ್ಟೇ." ಮುಗಿಸಿ ಎದ್ದವರು ಬಿಸಿ ಗಂಜಿಗೆ ಬೆಲ್ಲ ಹಾಕಿಕೊಂಡು ಆ ಕೊಟ್ಟಿಗೆಗೆ ಹೋದಿರಿ. ಒಂದು ಗಂಟೆ ಅದನ್ನೇ ನೆನೆದವರಿಗೆ ಗಂಜಿ ಹೊಳೆಯದೆ ಇರುತ್ತದೆಯೇ?

ಹುಸೇನ್ ಸಾಬರು ನಿಮ್ಮನ್ನು ಕಂಡದ್ದು ಎರಡೋ ಮೂರೋ ಸಲ. ಆದರೆ ನೂಲು ಕೊಳ್ಳಲು ನಾನು ಅವರ ಹಾರ್ಡ್‌ವೇರ್ ಅಂಗಡಿಗೆ ಹೋದಾಗಲೆಲ್ಲ, ಅಕ್ಕ ಹೇಗಿದಾರೆ ಅಂತ ಮೊದಲು ಕೇಳಿ, ಆಮೇಲೆ ಉಂಡೆ ತೆಗೆದುಕೊಡುತ್ತಿದ್ದರು. ಅವರ ಮಗಳ ಹೆರಿಗೆ ಕಷ್ಟವಾದಾಗ ನೀವು ಬರೆದದ್ದು ನನ್ನ ಬಾಯಿಂದಲೇ ಅವರಿಗೆ ಗೊತ್ತಾಗಿತ್ತು. ನಮ್ಮ ಹುಡುಗಿಗೋಸ್ಕರ ಒಬ್ಬರು ಅಷ್ಟು ಹೊತ್ತು ನೆಲದ ಮೇಲೆ ಕೂತಿದ್ರಲ್ಲ ಭಟ್ರೇ, ಅಂತ ಹೇಳಿದ್ದರು. ಈ ಸಾಬರು ಇನ್ನೊಮ್ಮೆ ಬರುತ್ತಾರೆ, ನೆನಪಿಡಿ.

ಈಗ ಕಿಗ್ಗ. ತಪ್ಪಿಸಿಕೊಳ್ಳಲು ನೋಡಿದೆ ಅತ್ತಿಗೆ, ಇಷ್ಟುದ್ದ ಬರೆದೆ, ಇನ್ನು ಆಗುವುದಿಲ್ಲ. ಅಣ್ಣ ಹೋಗಿ ಮೂರು ವರ್ಷದ ನಂತರದ ಅನಂತವ್ರತದ ಉದ್ಯಾಪನೆ. ದೊಡ್ಡ ಮನೆ, ಹೊಸದಾಗಿ ಕಟ್ಟಿಸಿದ ಹಜಾರ, ಶೃಂಗೇರಿಯಿಂದೆಲ್ಲ ಜನ ಬರುವವರಿದ್ದರು. ಅಡುಗೆಗೆ ಮಡಿಯ ಕೈ ಬೇಕು ಅಂದದ್ದರಿಂದ ನೀವೂ ಹಿಂದಿನ ದಿನ ನನ್ನ ಜೊತೆ ಬಸ್ಸಿನಲ್ಲಿ ಬಂದಿರಿ. ಆ ಮನೆಯ ಯಜಮಾನರಿಗೆ ಹೊಸ ಗಾರೆ ನೆಲದ ಮೇಲೆ ಬಲು ಮೋಹ. ಮಂಡಲಕ್ಕೆ ಸಗಣಿ ಸಾರಿಸಬೇಕು ಅಂದರೆ, ಇಂಥ ನೆಲಕ್ಕೆ ಸಗಣಿಯಾ ಅಂತ ಮುಖ ಹುಳ್ಳಗೆ ಮಾಡಿದರು. ನಾನು ದೊಡ್ಡವರ ಮನೆ ಅಂತ ಹಲ್ಲು ಕಿರಿದು, ಬೇಡ ಬಿಡಿ, ಹೀಗೇ ಬರೆಯುತ್ತೇನೆ ಅಂದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವುದು ನಮ್ಮ ಮನೆಯ ದಿನದ ಕೆಲಸ. ಆ ಕೆಂಪನ್ನು ನಾನೇ ಕೈಯಾರೆ ಕಲಸಿಕೊಂಡು ಬಂದಿದ್ದೆ. ಸುಣ್ಣದ ಗಾರೆ, ಇನ್ನೂ ಹಸಿ ಆರದ ನೆಲ, ಅದರ ಮೇಲೆ ಅರಿಶಿನ. ಇಷ್ಟು ಹೊಳೆಯಬೇಡವೇ ನನ್ನ ತಲೆಗೆ?

ಬೆಳಿಗ್ಗೆ ಬಾಗಿಲು ಹಾಕಿಕೊಂಡು ಬರೆಯಲು ಕೂತೆ. ಮಂಡಲ ಮುಗಿಯುವವರೆಗೆ ಯಾರೂ ದಾಟಬಾರದು ಅಂತ ಹಜಾರದ ಬಾಗಿಲು ಮುಚ್ಚುವುದು ಪದ್ಧತಿ. ಮೂಲೆಗಳ ಬಿಳಿ, ಕಪ್ಪು, ಹಸಿರು ಎಲ್ಲ ಸರಿಯಾಗಿ ಬಂತು. ನಡುವಿನ ಕೆಂಪು ತಾವರೆಯ ಸುತ್ತ ಹಳದಿಯ ಬೇಲಿ ತುಂಬಿ ತಿರುಗುವಷ್ಟರಲ್ಲಿ ಮೊದಲು ತುಂಬಿದ ಮನೆಗಳು ಕೆಂಪಾಗತೊಡಗಿದ್ದವು. ನನ್ನ ಕಣ್ಣೆದುರೇ ಹಳದಿ ಬೇಲಿ ಹೋಗಿ ತಾವರೆಯೂ ಬೇಲಿಯೂ ಒಂದೇ ಕೆಂಪು ಮುದ್ದೆಯಾಯಿತು. ಹೊರಗೆ ಯಜಮಾನರ ತಾಯಿ, ಆಯಿತಾ ಭಟ್ರೇ, ಅಂತ ಎರಡು ಸಲ ಕೂಗಿದರು. ಬಣ್ಣ ತಿರುಗಿದ ಮಂಡಲ ಕಂಡರೆ ಆ ಮುದುಕಿ ಪೂಜೆಯನ್ನೇ ನಿಲ್ಲಿಸುವವರು. ಇನ್ನಷ್ಟು ಹಳದಿ ಸುರಿದೆ, ಅದೂ ಕೆಂಪಾಯಿತು. ಆಮೇಲೆ ಒಳಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದೆ.

ನೀವು ಒಬ್ಬರೇ ಇದ್ದಿರಿ, ಕಾಯಿ ತುರಿಯುತ್ತಿದ್ದಿರಿ. ನಾನು ಹೇಳಿದ್ದನ್ನೆಲ್ಲ ಕೇಳಿ, ಕೆಂಪಾದದ್ದನ್ನು ಮೆಲ್ಲಗೆ ಅಡಿಕೆ ಹಾಳೆಯ ಚೂರಿನಿಂದ ಎತ್ತಿ, ಅಕ್ಕಿಹಿಟ್ಟಿನ ದಪ್ಪ ಹಾಸು ಹಾಕಿ, ಅದರ ಮೇಲೆ ಹಳದಿ ಬಿಡು, ನೆಲಕ್ಕೆ ತಾಗದ ಹಾಗೆ, ಅಂದಿರಿ. ನಾನು ಕೈ ತೋರಿಸಿದೆ. ಈ ಕೈಗೆ ಇನ್ನು ಆಗುವುದಿಲ್ಲ ಅಂದೆ. ನೀವು ಕೇಳಿದಿರಿ, "ಯಾರಿಗೆ ಬರೀತಾ ಇದೀಯ?" ಆ ಬೆಳಿಗ್ಗೆ ನಾನು ಶೃಂಗೇರಿಯಿಂದ ಬರುವ ಜನರಿಗೆ ಬರೆಯುತ್ತಿದ್ದೆ, ಅವರ ಬಾಯಲ್ಲಿ ಬರುವ ನನ್ನ ಹೆಸರಿಗೆ ಬರೆಯುತ್ತಿದ್ದೆ. ನೀವು ತುರಿಮಣೆ ಬದಿಗಿಟ್ಟು ಕೈ ತೊಳೆದು ಸೆರಗು ಸಿಕ್ಕಿಸಿ ಎದ್ದಿರಿ. ಆ ಮನೆಯ ಯಜಮಾನಿತಿ ಜಾನಕಮ್ಮನ ಸೊಂಟ ಹಿಡಿದು ಮೂರು ದಿನವಾಗಿತ್ತು, ಅವರು ಬಗ್ಗಿ ನಡೆಯುವುದನ್ನು ನೀವು ಬಂದ ದಿನವೇ ನೋಡಿದ್ದಿರಿ. "ಆ ಜಾನಕಮ್ಮಂಗೆ," ಅಂತ ನಿಮ್ಮಷ್ಟಕ್ಕೇ ಹೇಳಿಕೊಂಡು ಮಂಡಲದ ಮುಂದೆ ಕೂತಿರಿ.

ಮೂರು ವರ್ಷದ ನಂತರ ನೀವು ಅರಿಶಿನ ಮುಟ್ಟಿದ್ದು ಆವತ್ತು. ಬಟ್ಟಲಿಗೆ ಬೆರಳು ಹಾಕುವ ಮೊದಲು ಒಂದು ಉಸಿರಿನಷ್ಟು ಹೊತ್ತು ನಿಮ್ಮ ಕೈ ಗಾಳಿಯಲ್ಲಿ ನಿಂತಿತು. ನಾನು ನೋಡಿದೆ. ಆಮೇಲೆ ನಿಲ್ಲಲಿಲ್ಲ. ಇಪ್ಪತ್ತು ಹಳದಿ ಮನೆ, ಒಂದೊಂದೂ ಅಳೆದ ಹಾಗೆ. ತಾವರೆಯ ಎಂಟು ಎಸಳನ್ನು ಬೇರೆ ತಿದ್ದಿದಿರಿ, ನನ್ನ ಎಸಳುಗಳೂ ಸೊಟ್ಟಗಿದ್ದವು. ಹೊರಗೆ ಕೂಗುವವರು ಕೂಗುತ್ತಲೇ ಇದ್ದರು. ನಿಮ್ಮ ಮುಖದಲ್ಲಿ ಅದು ಯಾವುದೂ ಇರಲಿಲ್ಲ. ಅಷ್ಟು ಶಾಂತವಾದ ಮುಖವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ, ದೊಡ್ಡ ದೊಡ್ಡವರು ಪೂಜೆಗೆ ಕೂತದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಮುಗಿಸಿ, ಒಳಗೆ ಹೋಗಿ, ತಂಬಿಗೆ ಎತ್ತಿ ನೀರು ಕುಡಿದಿರಿ. ತಿರುಗಿ ಕಾಯಿ ತುರಿಯಲು ಕೂತಿರಿ.

ಬಾಗಿಲು ತೆಗೆದಾಗ ಜನ ಹೊಸಿಲಲ್ಲೇ ನಿಂತರು. ಆ ನಡುವಿನ ಹಳದಿಗೆ ಬೆಳಕು ಬಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೂಜೆ ಮುಗಿದ ಮೇಲೆ ಯಜಮಾನರು ಎಲ್ಲರೆದುರು ನನಗೆ ಶಾಲು ಹೊದೆಸಿದರು. ಇಂಥ ಕೈ ಈ ಸೀಮೆಯಲ್ಲಿ ಇಲ್ಲ ಅಂದರು. ನೀವು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಿರಿ, ನಿಮ್ಮ ಸೆರಗಿನ ಅಂಚು ನನಗೆ ಕಾಣುತ್ತಿತ್ತು. ಒಂದು ಮಾತು ಸಾಕಿತ್ತು, ಅತ್ತಿಗೆ. ನನ್ನ ಬಾಯಿಗೆ ಬೀಗ ಬಿದ್ದಿತ್ತು. ಪೂಜೆ ಕೆಡುತ್ತದೆ, ನಿಮಗೇ ಬೈಯುತ್ತಾರೆ, ನಿಮ್ಮ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಕಾಲು ಭಾಗ ನಿಜ. ಉಳಿದ ಮುಕ್ಕಾಲು, ಶಾಲು ಬೆಚ್ಚಗಿತ್ತು.

ವಾಪಸು ಬಸ್ಸಿನಲ್ಲಿ ನೀವು ಕಿಟಕಿಯ ಕಡೆ ಕೂತು, ಆ ಮನೆಯ ಹುಳಿ ಎಷ್ಟು ಚೆನ್ನಾಗಿತ್ತು ಅಂತ ಮಾತಾಡಿದಿರಿ. ಒಂದು ಬೈಗುಳ ಇಲ್ಲ, ಒಂದು ಚುಚ್ಚುಮಾತಿಲ್ಲ. ಮಾರನೇ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಮತ್ತೆ ಬಿಳಿ, ಕಪ್ಪು. ನಾನು ಅಳುಕುತ್ತ ಹೋಗಿ ನಿಂತು, ಯಾರಿಗೆ ಅಂತ ಕೇಳಿದೆ. "ನಿಂಗೆ," ಅಂದಿರಿ. ಆ ಎರಡಕ್ಷರ ನನ್ನನ್ನು ಸುಟ್ಟಷ್ಟು ಬೇರೆ ಏನೂ ಸುಡಲಿಲ್ಲ. ಎದುರು ಕೂತು ನೂಲಿನ ತುದಿ ಎತ್ತಿಕೊಂಡೆ. ಕೈ ಸಡಿಲ ಬಿಟ್ಟೆನೇನೋ, "ಸರಿ ಹಿಡಿ ಮಾರಾಯ" ಅಂತ ಒಂದು ಸಲ ಗದರಿದಿರಿ. ಆಮೇಲೆ ಗೆರೆ ಹೊಡೆಯುವ ಕೆಲಸವನ್ನು ನನ್ನ ಕೈಗೆ ಕೊಟ್ಟು, "ನಾನು ಹಿಡ್ದಿದ್ದೀನಿ, ನೀನು ಹೊಡಿ," ಅಂದಿರಿ.

ಆಮೇಲೆ ನನ್ನ ಹೆಸರು ಬೆಳೆಯಿತು. ಕಿಗ್ಗದ ಮಂಡಲ ಬರೆದವರು ಅಂದರೆ ಸಾಕು, ಶೃಂಗೇರಿ, ಹಿರೇಕೊಡಿಗೆ, ಎನ್.ಆರ್.ಪುರ, ಎಲ್ಲೆಲ್ಲಿಂದಲೋ ಕರೆ. ಹೇಳಬೇಕು, ಹೇಳಬೇಕು ಅಂತ ಪ್ರತಿ ಸಲ ಹೊರಡುತ್ತಿದ್ದೆ, ಅಲ್ಲಿ ಮಣೆ ಹಾಕಿ ಕೂರಿಸಿದ ಕೂಡಲೇ… ಒಂದು ದಿನ ಹುಸೇನ್ ಸಾಬರ ಅಂಗಡಿಯ ಬೋರ್ಡು ಹೊಸದಾಗಿ ಬರೆದು, ಕೆಳಗೆ ಮೂಲೆಯಲ್ಲಿ ಎಂದಿನಂತೆ ‘ಶ್ರೀಪಾದ ಆರ್ಟ್ಸ್, ಕೊಪ್ಪ’ ಅಂತ ಹಾಕಿದೆ. ಅಡಿಯಲ್ಲಿ ನಿಂತು ಏಣಿ ಹಿಡಿದಿದ್ದ ಸಾಬರು, "ನಿಮ್ಮ ಕೆಲ್ಸಕ್ಕೆ ನಿಮ್ಮ ಹೆಸ್ರು ಹಾಕ್ತೀರಿ ಭಟ್ರೇ. ಅಕ್ಕನ ಕೆಲ್ಸಕ್ಕೆ ಯಾರ ಹೆಸ್ರು?" ಅಂದರು. ಕಿಗ್ಗದ ವಿಷಯ ಅವರಿಗೊಬ್ಬರಿಗೇ ಹೇಳಿದ್ದೆ. ಸಿಟ್ಟಿನಿಂದ ಏಣಿ ಇಳಿದು ಬಂದವನು ಎರಡು ತಿಂಗಳು ಆ ಅಂಗಡಿ ಕಡೆ ಹೋಗಲಿಲ್ಲ. ನೂಲನ್ನು ಬೇರೆ ಕಡೆಯಿಂದ ತಂದೆ. ಅದು ಒಂದೇ ಎಳೆತಕ್ಕೆ ಕಡಿಯುತ್ತಿತ್ತು.

ನಿಮಗೆ ಕಾಯಿಲೆ ಜೋರಾಗಿದೆ ಅಂತ ನಿಮ್ಮ ತಮ್ಮ ಹೇಳಿಕಳಿಸಿದ ದಿನ ನಾನು ಎನ್.ಆರ್.ಪುರಕ್ಕೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಈ ಸಲ ನಿಮ್ಮನ್ನು ಕರೆದುಕೊಂಡು ಕಿಗ್ಗಕ್ಕೇ ಹೋಗಿ, ಆ ಹಜಾರದಲ್ಲೇ ನಿಂತು… ಬಸ್ಸಿಳಿದು ಬರುವಷ್ಟರಲ್ಲಿ ನಿಮ್ಮನ್ನು ಹೊರಗೆ ಮಲಗಿಸಿದ್ದರು. ಅಳು ಬರಲಿಲ್ಲ ನನಗೆ. ನೀರಿಗೆ ಅಂತ ಅವರ ಹಿತ್ತಿಲಿಗೆ ಹೋದೆ. ಅಲ್ಲಿ ನೆಲದ ಮೇಲೆ ಅರ್ಧ ಹೊಡೆದ ಗೆರೆಗಳಿದ್ದವು, ವಾರದ ಹಿಂದಿನದಿರಬೇಕು, ಮಾಸಿತ್ತು. ನೂಲಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದಿರಿ. ಹಿಡಿಯುವವರು ಯಾರೂ ಇಲ್ಲದೆ, ಕಂಬಕ್ಕೆ. ಆಗ ಅಳು ಬಂತು ಅತ್ತಿಗೆ, ಮನೆಮಂದಿಯೆಲ್ಲ ಓಡಿ ಬರುವ ಹಾಗೆ ಅತ್ತುಬಿಟ್ಟೆ.

ಇಷ್ಟು ಹೇಳಿದ ಮೇಲೆ ಈಗ ಮೊನ್ನೆಯದು. ಕಿಗ್ಗದ ಅದೇ ಮನೆಯಿಂದ ಕರೆ ಬಂತು. ಆ ಯಜಮಾನರು ಹೋಗಿ ವರ್ಷವಾಗಿದೆ, ಅವರ ತಾಯಿ ಅದಕ್ಕೂ ಮೊದಲೇ. ಈಗ ಮಗನ ಸಂಸಾರ. ಅವನ ಕೂಸಿಗೆ ಏಳು ತಿಂಗಳು, ಪದೇ ಪದೇ ಜ್ವರ, ಅದಕ್ಕಾಗಿ ಶಾಂತಿ. ಸಗಣಿ ಸಾರಿಸದಿದ್ದರೆ ಬರೆಯಲು ಕೂರುವುದಿಲ್ಲ ಅಂತ ಮೊದಲೇ ಹೇಳಿಕಳಿಸಿದ್ದೆ. ಹೊರಡುವ ಮೊದಲು ಆ ಶಾಲನ್ನು ಟ್ರಂಕಿನಿಂದ ತೆಗೆದೆ, ಹಿಂದಕ್ಕೆ ಕೊಡೋಣ ಅಂತ. ಬಿಡಿಸಿದರೆ ನುಸಿ ತಿಂದು ಜರಡಿಯಾಗಿತ್ತು. ಅದನ್ನು ಅಲ್ಲೇ ಬಿಟ್ಟು ಬಣ್ಣದ ಚೀಲ ಮಾತ್ರ ತೆಗೆದುಕೊಂಡು ಬಸ್ ಹತ್ತಿದೆ.

ಹಜಾರದಲ್ಲಿ ಜನ ಸೇರಿದ್ದರು. ಬಾಗಿಲು ಮುಚ್ಚುವ ಮೊದಲು ಒಬ್ಬ ಹಿರಿಯರು ಪಕ್ಕದವರಿಗೆ, ಹಿಂದೆ ಇದೇ ಜಾಗದಲ್ಲಿ ಆ ಮಂಡಲ ಬರೆದವರು ಇವರೇ ಅಂತ ನನ್ನನ್ನು ತೋರಿಸಿದರು. ನಾನು ಎದ್ದು ನಿಂತೆ. "ಅದನ್ನ ಬರ್ದಿದ್ದು ನಾನಲ್ಲ. ನಮ್ಮ ಅತ್ತಿಗೆ, ಗಿರಿಜ ಅಂತ." ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೈದುನನಾದವನು ಅತ್ತಿಗೆಯ ಹೆಸರು ಹೇಳಬಾರದಲ್ಲ. ಹೇಳಿದ ಮೇಲೆ ಉಳಿದದ್ದು ತಾನೇ ಬಂತು. ಹಳದಿ ಕೆಂಪಾದದ್ದು, ಗಂಡ ತೀರಿಕೊಂಡಿದ್ದ ನೀವು ಅಡುಗೆಮನೆಯಿಂದ ಬಂದು ಅರಿಶಿನ ಮುಟ್ಟಿ ಬರೆದದ್ದು, ಶಾಲನ್ನು ನಾನು ಹೊದ್ದುಕೊಂಡದ್ದು, ಇವತ್ತಿನವರೆಗೆ ಆ ಹೆಸರಿನಲ್ಲಿ ತಿರುಗಿದ್ದು. ಪುರೋಹಿತರು ಮುಖ ಸಿಂಡರಿಸಿ, ಇಂಥ ದಿನ ಇದನ್ನೆಲ್ಲ ಎಂತಕ್ಕೆ ಎತ್ತಿದಿರಿ ಅಂದರು. ಇಬ್ಬರು ಎದ್ದು ಜಗಲಿಗೆ ಹೋದರು. ಇನ್ನು ಈ ಸೀಮೆಯಲ್ಲಿ ನನ್ನ ಕೈಗೆ ಯಾರೂ ಹಿಟ್ಟು ಕೊಡುವುದಿಲ್ಲ ಅಂದುಕೊಂಡು ಚೀಲ ಎತ್ತಿಕೊಳ್ಳಲು ಬಗ್ಗಿದೆ.

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಜಾನಕಮ್ಮ ಮಾತಾಡಿದರು. ನೀವು ಆವತ್ತು ನಿಂತಿದ್ದ ಜಾಗದಲ್ಲೇ ಈಗ ಅವರು ನಿಂತಿದ್ದರು, ಬರಿ ಹಣೆಯಲ್ಲಿ, ತನ್ನ ಮನೆಯ ಪೂಜೆಗೆ ತಾನೇ ಮರೆಯಾಗಿ. "ನಂಗೆ ಆವತ್ತೇ ಗೊತ್ತಿತ್ತು. ಅಡುಗೆಮನೇಲಿ ಇದ್ದಿದ್ದು ಅವರೊಬ್ರೇ, ತಂಬಿಗೆ ಮೇಲೆ ನಾಕು ಬೆರಳಿನ ಅರಿಶಿನ ಇತ್ತು. ಅತ್ತೆ ನೋಡ್ತಾರೆ ಅಂತ ನಾನೇ ತೊಳೆದಿಟ್ಟೆ. ನೀವು ಒಂದಿನ ಹೇಳ್ತೀರಿ ಅಂತ ಕಾದೆ." ಅಷ್ಟು ವರ್ಷ! ನಾನು ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದನ್ನು ಒಬ್ಬ ಹೆಂಗಸು ತಂಬಿಗೆ ತೊಳೆದು ನನಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು. ಚೀಲವನ್ನು ಅಲ್ಲೇ ಬಿಟ್ಟು ಅದರೊಳಗಿನ ನೂಲು ತೆಗೆದೆ.

ನೂಲು ಹಿಡಿಯಲು ಅವರ ಮಗ ಎದುರಿಗೆ ಬಂದು ಕೂತಿದ್ದ. ನಾನು ಆ ತುದಿಯನ್ನು ಅವನಿಗೆ ಕೊಡಲಿಲ್ಲ. ಕೈ ಚಾಚಿ ಬಾಗಿಲ ಕಡೆ ಹಿಡಿದೆ. ಹಾಗೇ ಹಿಡಿದುಕೊಂಡು ನಿಂತೆ. ಜಾನಕಮ್ಮ ಮಗನನ್ನು ನೋಡಿದರು. ಅವನು ಕೂಸನ್ನು ಎತ್ತಿಕೊಂಡಿದ್ದ ಹೆಂಡತಿಯನ್ನು ನೋಡಿದ. ಆ ಹುಡುಗಿ, "ಹಿಡೀಲಿ, ಅಜ್ಜಿ ಅಲ್ವಾ ಅವರು," ಅಂದಳು. ಮಗ ಎದ್ದು ಜಾಗ ಬಿಟ್ಟ. ಜಾನಕಮ್ಮ ಹೊಸಿಲು ದಾಟಿ ಬಂದು, ಸೆರಗು ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತು, ನೂಲನ್ನು ಹೆಬ್ಬೆರಳಿಗೆ ಸುತ್ತಿ ಎಳೆದರು.

"ಹಿಡ್ದಿದ್ದೀನಿ ಭಟ್ರೇ. ನೀವು ಹೊಡೀರಿ."

ಹೊಡೆದೆ. ಗೆರೆ ನೆಟ್ಟಗೆ ಬಿತ್ತು. ಆ ಮಂಡಲವನ್ನು ನಿಮಗೆ ಅಂತ ಬರೆಯಲಿಲ್ಲ ಅತ್ತಿಗೆ, ಬರೆದಿದ್ದರೆ ನೀವೇ ಬೈಯುತ್ತಿದ್ದಿರಿ. ಆ ಕೂಸಿಗೇ ಬರೆದೆ. ಮುನ್ನೂರ ಇಪ್ಪತ್ತನಾಲ್ಕು ಮನೆಯಲ್ಲಿ ಎರಡೇ ಕಡೆ ಹುಡಿ ದಪ್ಪ ಬಿದ್ದಿದೆ. ಅಲ್ಲಿ ನೀವು ನೆನಪಾಗಿದ್ದಿರಿ. ಕೈ ಎತ್ತಿ ಸುಮ್ಮನೆ ಕೂತು, ಆಮೇಲೆ ಮುಂದುವರಿಸಿದೆ.

ಶೃಂಗೇರಿಯ ಎರಡು ಮನೆಯಿಂದ ಇನ್ನು ಬರಬೇಡಿ ಅಂತ ಹೇಳಿಕಳಿಸಿದ್ದಾರೆ. ಇಂಥ ಮಾತು ಇನ್ನೂ ಬರಬಹುದು. ಬರಲಿ. ನಿನ್ನೆ ಹುಸೇನ್ ಸಾಬರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವರು ನೂಲಿನ ಉಂಡೆ ತೆಗೆದು ನನ್ನ ಮುಂದಿಟ್ಟರು. ಬರುವ ಸೋಮವಾರ ಜಾನಕಮ್ಮ ಬಸ್ಸಿನಲ್ಲಿ ಕೊಪ್ಪಕ್ಕೆ ಬರುತ್ತಾರೆ, ಕಲಿಯಲು. ನಿಮ್ಮ ಹಿತ್ತಿಲ ಕಲ್ಲನ್ನು ತಿಕ್ಕಿ ತೊಳೆದಿದ್ದೇನೆ. ಐದು ಬಟ್ಟಲೂ ತುಂಬಿ ಅವರು ಕೂರುವ ಮಗ್ಗುಲಲ್ಲೇ ಇಟ್ಟಿದ್ದೇನೆ. ನೀವು ದೂರ ಕೂತು ಬಣ್ಣ ತೋರಿಸುತ್ತಿದ್ದ ಆ ಬಿದಿರು ಕಡ್ಡಿ ಇಷ್ಟು ವರ್ಷ ಮಾಡಿನ ಸಂದಿಯಲ್ಲೇ ಇತ್ತು. ಇವತ್ತು ಬೆಳಿಗ್ಗೆ ಅದನ್ನು ತೆಗೆದು ಬಚ್ಚಲ ಒಲೆಗೆ ಹಾಕಿದೆ.

ನಿಮ್ಮ ಮೈದುನ,
ಶ್ರೀಪಾದ